ಜೀಪಿನ ಅಡಿಗೆ ನುಗ್ಗಿ ನೋಡಿ

ಕೇಳುಗರಿಗೆ ನಮಸ್ಕಾರ. ಮೂಡಿಗೆರೆ ಸುತ್ತಿನ ಕಾಫಿ ತೋಟಗಳ ಜೀಪುಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿದವನು ನಾನು. ಮಗನಿಗೋ ಅಳಿಯನಿಗೋ ಹಳೆಯ ಫೋರ್ ವೀಲ್ ಜೀಪು, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಜೀಪು, ಕೊಡಿಸಬೇಕು, ಯಾವುದು ಒಳ್ಳೆಯದು ಎಂದು ಜನ ಕೇಳುತ್ತಲೇ ಇರುತ್ತಾರೆ. ಯಾವ ಕಂಪನಿ, ಯಾವ ವರ್ಷ ಎಂಬುದೆಲ್ಲ ಆಮೇಲೆ. ಮೊದಲು ಅಡಿಗೆ ನುಗ್ಗಿ ನೋಡಿ. ಮಾರುವವರು ಬಣ್ಣ ಬಳಿಯುವುದು ಮೇಲೆ, ಮಲೆನಾಡಿನ ಮಳೆ ತಿನ್ನುವುದು ಕೆಳಗೆ.

ನನ್ನ ತಂಗಿಯ ಮಗಳು ತೋಟ ನೋಡಿಕೊಳ್ಳಲು ಊರಿಗೆ ಬಂದ ವರ್ಷ ಅವಳಿಗೊಂದು ಜೀಪು ಬೇಕಾಯಿತು. ಜೂನ್ ತಿಂಗಳು, ಜಡಿಮಳೆ. ಭಾವ ನನ್ನನ್ನೂ ಕರೆದುಕೊಂಡು ಹೋದರು. ಅಂಗಳದಲ್ಲಿ ಮದುಮಗನಂತೆ ನಿಂತಿತ್ತು ಜೀಪು: ಹೊಸ ಕೆಂಪು ಬಣ್ಣ, ದಪ್ಪ ಹಲ್ಲಿನ ಟೈರು, ಹಾಡುವ ಪೆಟ್ಟಿಗೆ. ಭಾವನ ಕೈ ಆಗಲೇ ಮುಂಗಡದ ನೋಟುಗಳ ಮೇಲಿತ್ತು. ನಾನು ಒಂದು ಗೋಣಿಚೀಲ ಕೇಳಿದೆ. ಮನೆಯವರು ನಕ್ಕರು, ಕೊಡಲು ಹಿಂದೆಮುಂದೆ ನೋಡಿದರು. ಕೊನೆಗೆ ಕೊಟ್ಟರು. ಹಾಸಿಕೊಂಡು ಅಡಿಗೆ ನುಗ್ಗಿದೆ.

ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇರಲಿಲ್ಲ! ಒಳಗೆ ಫೋರ್ ವೀಲ್ ಲಿವರ್ ಮಾತ್ರ ಗೂಟದಂತೆ ನಿಂತಿತ್ತು. ಕೇಳಿದರೆ, "ಬೇಸಿಗೆಯಲ್ಲಿ ಬೇಕಾಗುವುದಿಲ್ಲವೆಂದು ಬಿಚ್ಚಿಟ್ಟಿದ್ದೇವೆ" ಎಂದರು. ಮಳೆ ನನ್ನ ಕಾಲಿನ ಮೇಲೆ ಸುರಿಯುತ್ತಿತ್ತು. ಹಿಂಬದಿಯ ಪಟ್ಟಾ (ಸ್ಪ್ರಿಂಗು) ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಕೂರುವ ಜಾಗದಲ್ಲಿ ಸ್ಕ್ರೂ ಡ್ರೈವರ್ ಒತ್ತಿದೆ. ಹಪ್ಪಳಕ್ಕೆ ಚುಚ್ಚಿದಂತೆ ಒಳಗೆ ಹೋಯಿತು. ಗಟ್ಟಿ ಕಬ್ಬಿಣವನ್ನು ಸುತ್ತಿಗೆಯಲ್ಲಿ ತಟ್ಟಿದರೆ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಬರೀ ದಬ್ ಎನ್ನುತ್ತದೆ. ಅಲ್ಲೆಲ್ಲ ದಬ್ ದಬ್. ಹಿಂದಿನ ಚಕ್ರಗಳ ನಡುವಿನ ಗೇರುಗಳ ಗೂಡಿನ, ಅಂದರೆ ಹೌಸಿಂಗಿನ, ಬೋಲ್ಟ್ ಸಡಿಲಿಸಿದರೆ ಇಳಿದ ಗೇರ್ ಎಣ್ಣೆ ಹಾಲು ಬೆರೆತ ಕಾಫಿಯಂತಿತ್ತು, ಅಂದರೆ ಒಳಗೆ ನೀರು ಹೊಕ್ಕಿದೆ. ಹುಡುಗಿ ಮಾತ್ರ, "ಮಾವ, ಬಣ್ಣ ಎಷ್ಟು ಚೆನ್ನಾಗಿದೆ" ಎಂದಳು. ಏನು ಹೇಳುವುದು!

ವಾಪಸು ಬಂದೆವು. ಎರಡು ತಿಂಗಳ ನಂತರ ಬಣ್ಣಗೆಟ್ಟ, ಹಾಡಿಲ್ಲದ, ಚಾಸಿ ಗಟ್ಟಿಯಿದ್ದ ಒಂದು ಜೀಪು ಸಿಕ್ಕಿತು. ಈಗಲೂ ಗೊಬ್ಬರದ ಮೂಟೆ ಹೊರುತ್ತಿದೆ.

ಸಮಯವಾಯಿತೆಂದು ಸ್ಟುಡಿಯೋ ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಬೇಗ ಹೇಳುತ್ತೇನೆ. ಮಾರುತಿಯ ಜಿಪ್ಸಿ ಪೆಟ್ರೋಲ್ ಗಾಡಿ, ಹಗುರ, ಕೆಸರಿನಲ್ಲಿ ಸುಲಭವಾಗಿ ಹೂಳುವುದಿಲ್ಲ. ಭಾರ ಹೇರುವವರಿಗೆ ಮಹೀಂದ್ರದ ಎಂಎಂ 540ರಂತಹ ಡೀಸೆಲ್ ಜೀಪೇ ವಾಸಿ. ಫೋರ್ ವೀಲ್ ಪರೀಕ್ಷೆಯನ್ನು ಒಣ ಡಾಂಬರು ರಸ್ತೆಯಲ್ಲಿ ಮಾಡಬೇಡಿ, ಗೇರು ಬಿಗಿಯುತ್ತದೆ. ಕೆಸರಿಗೇ ಇಳಿಸಿ. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆಯೂ ಚಾಸಿಯ ಮೇಲೆ ಕೊರೆದ ಸಂಖ್ಯೆಯೂ ಒಂದೇ ಇರಬೇಕು. ಹದಿನೈದು ವರ್ಷ ದಾಟಿದ್ದರೆ ನೋಂದಣಿ ನವೀಕರಣವಾಗಿದೆಯೇ ಕೇಳಿ. ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲವಿದ್ದು ತೀರಿದ್ದರೆ ನಮೂನೆ 35 ಬೇಕು. ಇದನ್ನೆಲ್ಲ ಆರ್‌ಟಿಒ ಕಚೇರಿಯಲ್ಲೂ ಹೇಳುತ್ತಾರೆ. ಅಡಿಗೆ ನುಗ್ಗಿ ನೋಡಿ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಗೋಣಿಚೀಲವನ್ನು ಮಾತ್ರ ನಿಮ್ಮ ಮನೆಯಿಂದಲೇ ಒಯ್ಯಿರಿ. ನಮಸ್ಕಾರ.