ಉಪ್ಪಿನೊಳಗೆ ಜೋಡಿಗಳಿಲ್ಲ

ನಮಸ್ಕಾರ. ಹತ್ತನೇ ತರಗತಿಯ ರಸಾಯನಶಾಸ್ತ್ರದಲ್ಲಿ ಹೇಳಿಕೊಡುವ ಒಂದು ಕಥೆಯ ಬಗ್ಗೆ ನನಗೆ ಬಲವಾದ ತಕರಾರಿದೆ. ಕಥೆ ನಿಮಗೆಲ್ಲ ಗೊತ್ತಿರುವುದೇ. ಸೋಡಿಯಂನ ಹೊರಕವಚದಲ್ಲಿ ಒಂದು ಎಲೆಕ್ಟ್ರಾನ್ ಇದೆ, ಕ್ಲೋರಿನ್‌ಗೆ ಒಂದು ಕಡಿಮೆ ಇದೆ. ಸೋಡಿಯಂ ಖುಷಿಯಿಂದ ಕೊಟ್ಟಿತು, ಕ್ಲೋರಿನ್ ಖುಷಿಯಿಂದ ತಗೊಂಡಿತು, ಇಬ್ಬರಿಗೂ ಅಷ್ಟಕ, ಅಂದರೆ ಹೊರಕವಚದ ಎಂಟು ಎಲೆಕ್ಟ್ರಾನ್, ತುಂಬಿತು, ಇಬ್ಬರೂ ಜೋಡಿಯಾದರು, ಉಪ್ಪಾಯಿತು. ಬೋರ್ಡಿನ ಮೇಲೆ ಚುಕ್ಕಿಗಳು, ಒಂದು ಬಾಣ, ಒಂದು ಪ್ಲಸ್, ಒಂದು ಮೈನಸ್. ಎಸ್‌ಎಸ್‌ಎಲ್‌ಸಿಯಲ್ಲಿ ಅಷ್ಟು ಬರೆದರೆ ಅಂಕ ಸಿಗುತ್ತದೆ.

ಆದರೆ ಈ ಕಥೆಯ ಮುಖ್ಯ ಭಾಗವೇ ತಪ್ಪು. ತಪ್ಪು ಅಂತ ತೋರಿಸೋಕೆ ಕೂಡಿಸುವುದು, ಕಳೆಯುವುದು ಬಂದರೆ ಸಾಕು.

ಒಂದು ಮೋಲ್ ಸೋಡಿಯಂ ಪರಮಾಣುಗಳನ್ನು ಅನಿಲ ಸ್ಥಿತಿಯಲ್ಲಿ ತೆಗೆದುಕೊಳ್ಳಿ. ಮೋಲ್ ಅಂದರೆ 6.02 × 10²³ ಕಣಗಳು, ಅವೊಗ್ಯಾಡ್ರೋ ಸಂಖ್ಯೆ ಅನ್ನುವುದು ಇದನ್ನೇ. ಒಂದೊಂದರಿಂದಲೂ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ನಾವೇ ಹಾಕಬೇಕು. ಅಂದಮೇಲೆ ಸೋಡಿಯಂ ಕೊಡುತ್ತಿಲ್ಲ, ಅದರ ಕೈಯಿಂದ ಕಿತ್ತುಕೊಳ್ಳಬೇಕಾಗಿದೆ. ಆ ಎಲೆಕ್ಟ್ರಾನುಗಳನ್ನು ಒಂದು ಮೋಲ್ ಕ್ಲೋರಿನ್ ಪರಮಾಣುಗಳು ಸ್ವೀಕರಿಸಿದಾಗ ಸುಮಾರು 349 ಕಿಲೋಜೂಲ್ ವಾಪಸ್ ಬರುತ್ತದೆ. ಕಳೆದು ನೋಡಿ: 147 ಕಿಲೋಜೂಲ್ ಕೈಯಿಂದ ಹೋಯಿತು. ಇಬ್ಬರಿಗೂ ಅಷ್ಟಕ ತುಂಬಿದೆ, ಆದರೂ ಲೆಕ್ಕದಲ್ಲಿ ನಷ್ಟವೇ ಇದೆ. ಹಾಗಾದರೆ ಉಪ್ಪು ಯಾಕಾಗಿ ಆಗುತ್ತದೆ?

ಉತ್ತರ ಹರಳಿನಲ್ಲಿದೆ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಈಗ ಧನ ಅಯಾನು, ಪಡೆದ ಕ್ಲೋರಿನ್ ಈಗ ಋಣ ಅಯಾನು, ಅಂದರೆ ಕ್ಲೋರೈಡ್. ದೂರ ದೂರ ಇದ್ದ ಈ ಅಯಾನುಗಳು ಒಟ್ಟು ಸೇರಿ ಹರಳಾಗುವಾಗ ಮೋಲಿಗೆ ಸುಮಾರು 788 ಕಿಲೋಜೂಲ್ ಹೊರಗೆ ಬರುತ್ತದೆ. 147ರ ನಷ್ಟ ತುಂಬಿ, ಬೇಕಾದಷ್ಟು ಉಳಿಯುತ್ತದೆ. ಉಪ್ಪನ್ನು ಹಿಡಿದಿಟ್ಟಿರುವುದು ಈ ಆಕರ್ಷಣೆ. ಹರಳಿನೊಳಗೆ ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ. ಯಾವ ಕ್ಲೋರೈಡ್ ಯಾವ ಸೋಡಿಯಂಗೆ ಸೇರಿದ್ದು ಅಂತ ಕೇಳಿದರೆ ಉತ್ತರವೇ ಇಲ್ಲ. ಉಪ್ಪನ್ನು ವಿಪರೀತ ಕಾಯಿಸಿ ಆವಿ ಮಾಡಿದರೆ ಜೋಡಿಗಳು ಸಿಗುತ್ತವೆ, ಒಪ್ಪುತ್ತೇನೆ. ಆದರೆ ಡಬ್ಬಿಯಲ್ಲಿರುವ ಉಪ್ಪಿನಲ್ಲಿ ಜೋಡಿ ಇಲ್ಲ, ಅಣು ಇಲ್ಲ. ಅದನ್ನು ಕಾಯಿಸಿ ದ್ರವ ಮಾಡಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕಾಗುವುದೂ ಅದಕ್ಕೇ: ಈ ಇಡೀ ಕಟ್ಟಡವನ್ನೇ ಸಡಿಲಿಸಬೇಕು.

ಇದನ್ನು ಒಪ್ಪಿಕೊಳ್ಳೋದು ದೊಡ್ಡ ದೊಡ್ಡವರಿಗೂ ಕಷ್ಟವಾಗಿತ್ತು. 1913ರಲ್ಲಿ ಲಾರೆನ್ಸ್ ಬ್ರ್ಯಾಗ್ ಎಂಬ 23 ವರ್ಷದ ಹುಡುಗ ಎಕ್ಸ್-ಕಿರಣಗಳಿಂದ ಉಪ್ಪಿನ ರಚನೆ ಬಿಡಿಸಿಟ್ಟ. ಅದಾಗಿ 14 ವರ್ಷಗಳ ನಂತರ, 1927ರಲ್ಲಿ, ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ಬ್ರಿಟಿಷ್ ರಸಾಯನವಿಜ್ಞಾನಿ ‘ನೇಚರ್’ ಪತ್ರಿಕೆಗೆ ಸಿಟ್ಟಿನಿಂದ ಪತ್ರ ಬರೆದರು. ಉಪ್ಪಿನಲ್ಲಿ ಅಣುವೇ ಇಲ್ಲ, ಚದುರಂಗದ ಹಾಸಿನ ಹಾಗೆ ಜೋಡಣೆ ಅಷ್ಟೇ ಇದೆ ಅನ್ನುವುದು ಸಾಮಾನ್ಯ ಬುದ್ಧಿಗೆ ವಿರುದ್ಧ ಅನ್ನುವುದು ಅವರ ವಾದ. ಮಕ್ಕಳು ತಾವೇ ಪ್ರಯೋಗ ಮಾಡಿ ಕಂಡುಕೊಳ್ಳಬೇಕು ಅಂತ ಜೀವನವಿಡೀ ಹೋರಾಡಿದ ಶಿಕ್ಷಣತಜ್ಞ ಅವರು. ಅಂಥವರನ್ನೂ ಜೋಡಿಯ ಚಿತ್ರ ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ಹದಿನೈದು ವರ್ಷದ ಮಗುವಿನ ತಲೆಯಲ್ಲಿ ನಾವು ಅದೇ ಚಿತ್ರ ಬಿತ್ತಿದರೆ ಅದು ಸುಲಭವಾಗಿ ಹೋಗುತ್ತದೆಯೇ?

ನನಗೆ ಇನ್ನೂ ಹೆಚ್ಚು ನೋವು ಕೊಡುವ ವಿಷಯ ಬೇರೆ ಇದೆ. ಮೋಲ್ ಲೆಕ್ಕ ಒಂದು ಕಡೆ, ಬಂಧ ಇನ್ನೊಂದು ಕಡೆ, ಎರಡಕ್ಕೂ ಸಂಬಂಧವೇ ಇಲ್ಲವೇನೋ ಅನ್ನುವ ಹಾಗೆ ಪಾಠ ನಡೆಯುತ್ತದೆ. ಮೋಲ್ ಅಂದರೆ ಮಕ್ಕಳಿಗೆ ಸೂತ್ರದಲ್ಲಿ ತುಂಬುವ ಒಂದು ಸಂಖ್ಯೆ, ಭಾಗಾಕಾರದ ಕಾಟ. ಈಗ ನನ್ನ ಜೊತೆ ಒಂದು ಲೆಕ್ಕ ಮಾಡಿ, ಪೆನ್ನು ಕಾಗದ ಇದ್ದರೆ ತಗೊಳ್ಳಿ.

ಸೋಡಿಯಂ ಕ್ಲೋರೈಡಿನ ಒಂದು ಮೋಲ್ ಅಂದರೆ 58.44 ಗ್ರಾಂ. ಉಪ್ಪಿನ ಹರಳಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.165 ಗ್ರಾಂ. ಭಾಗಿಸಿದರೆ 27 ಘನ ಸೆಂಟಿಮೀಟರ್. ಮೂರು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ಗಟ್ಟಿ. ಅದರೊಳಗೆ ಒಂದು ಮೋಲ್ ಸೋಡಿಯಂ, ಒಂದು ಮೋಲ್ ಕ್ಲೋರೈಡ್, ಒಟ್ಟು ಎರಡು ಮೋಲ್ ಅಯಾನುಗಳಿವೆ, ಅಂದರೆ 12.04 × 10²³. ಒಂದೊಂದಕ್ಕೂ ಒಂದು ಪುಟ್ಟ ಘನಾಕೃತಿಯ ಜಾಗ ಅಂತ ಹಂಚಿ. ಪಾಲಿಗೆ ಬರುವುದು 2.24 × 10⁻²³ ಘನ ಸೆಂಟಿಮೀಟರ್. ಘನಮೂಲ ತೆಗೆಯಿರಿ: 2.82 × 10⁻⁸ ಸೆಂಟಿಮೀಟರ್.

ಸೋಡಿಯಂ ಅಯಾನಿನ ಕೇಂದ್ರದಿಂದ ಪಕ್ಕದ ಕ್ಲೋರೈಡಿನ ಕೇಂದ್ರಕ್ಕೆ ಇರುವ ದೂರ ಇದು. ತಕ್ಕಡಿ, ಅಳತೆ ಪಾತ್ರೆ, ಅವೊಗ್ಯಾಡ್ರೋ ಸಂಖ್ಯೆ ಇಷ್ಟರಿಂದ ಪರಮಾಣುಗಳ ನಡುವಿನ ದೂರ ಸಿಕ್ಕಿತು! ಬ್ರ್ಯಾಗ್ ಕಾಲದಲ್ಲಿ ಎಕ್ಸ್-ಕಿರಣದ ತರಂಗಾಂತರವನ್ನು ಗೊತ್ತುಪಡಿಸಲು ಬಳಸಿದ್ದೂ ಇದೇ ಬಗೆಯ ಲೆಕ್ಕ. ಗಮನಿಸಿ, ಪಕ್ಕಪಕ್ಕದ ಅಯಾನುಗಳೆಲ್ಲ ಸಮಾನ ದೂರದಲ್ಲಿವೆ ಅಂತ ಹಿಡಿದೇ ಈ ಉತ್ತರ ಬಂದದ್ದು, ಮತ್ತು ಅದು ಸರಿಯಾಗಿ ಬಂತು. ಮೋಲ್ ಲೆಕ್ಕ ಕಲಿತ ಯಾವ ಪ್ರಥಮ ಪಿಯು ವಿದ್ಯಾರ್ಥಿಗೂ ಇದು ಕೈಗೆಟಕುತ್ತದೆ.

ಪುಸ್ತಕದ ತಪ್ಪು ಅಂತ ನಾನು ಹೇಳುವುದಿಲ್ಲ. ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠದಲ್ಲಿ, ಸೋಡಿಯಂ ಕ್ಲೋರೈಡ್ ಅಣುಗಳಾಗಿ ಇರುವುದಿಲ್ಲ, ವಿರುದ್ಧ ಆವೇಶದ ಅಯಾನುಗಳ ಗುಂಪಾಗಿ ಇರುತ್ತದೆ ಅನ್ನುವ ಮಾತು ಇದೆ. ನಾನು ಹೇಳಿದ ಶಕ್ತಿಯ ಲೆಕ್ಕವೂ ಹನ್ನೊಂದನೇ ತರಗತಿಯ ಪುಸ್ತಕದಲ್ಲಿದೆ. ದ್ವಿತೀಯ ಪಿಯುನಲ್ಲಿ ಘನಸ್ಥಿತಿಯ ಒಂದು ಇಡೀ ಅಧ್ಯಾಯವೇ ಇತ್ತು. ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಅದನ್ನು ತೆಗೆಯಿತು. ರಚನೆಯನ್ನೂ ಲೆಕ್ಕವನ್ನೂ ಒಟ್ಟಿಗೆ ಕೂರಿಸುತ್ತಿದ್ದ ಜಾಗ ಅದೊಂದೇ. ಅದನ್ನು ಕಳೆದುಕೊಂಡದ್ದು ನನಗೆ ಸರಿ ಅನ್ನಿಸಿಲ್ಲ.

ಅಧ್ಯಾಯ ವಾಪಸ್ ಬರುವವರೆಗೆ ಕಾಯಬೇಕಾಗಿಲ್ಲ. ಪ್ರಶ್ನೆಪತ್ರಿಕೆ ಮಾಡುವ ಮೇಷ್ಟ್ರುಗಳೇ, ಮೇಡಮ್ಮುಗಳೇ, ನಿಮ್ಮಲ್ಲಿ ನನ್ನ ಕೇಳಿಕೆ ಇದು. ಚುಕ್ಕಿ ರಚನೆ ಬಿಡಿಸಿ ಅನ್ನುವ ಪ್ರಶ್ನೆಯ ಕೆಳಗೆ ಇನ್ನೊಂದು ಸೇರಿಸಿ: ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಅಯಾನಿನ ಸುತ್ತ ಎಷ್ಟು ಕ್ಲೋರೈಡ್ ಅಯಾನುಗಳಿವೆ, ಅವುಗಳಲ್ಲಿ ಯಾವುದು ಅದರ ಜೋಡಿ? ಎರಡು ಅಂಕ ಕೊಡಿ. ಅಂಕ ಇದೆ ಅಂತಾದರೆ ಆ ಒಂದು ಮಾತು ಮುಂದಿನ ವರ್ಷವೇ ಎಲ್ಲ ಕ್ಲಾಸುಗಳಲ್ಲೂ ಪಾಠವಾಗುತ್ತದೆ.