ಕಡಿದಾದ ಬಂಡೆಯ ಬಾನಾಡಿ

ಕೇಳುಗರೇ, ನಮಸ್ಕಾರ.

ಜೋಗದಲ್ಲಿ ಸಂಜೆ ಹೊತ್ತು ಸುಮ್ನೆ ನಿಂತು ನೋಡಿದ್ದೀರಾ? ಎಲ್ಲರ ಕಣ್ಣೂ ನೀರಿನ ಮೇಲೆ. ಆಗ ಕುಡುಗೋಲಿನಂಥ ರೆಕ್ಕೆಯ ಹಕ್ಕಿಗಳು ಗುಂಪುಗುಂಪಾಗಿ ಬಂದು, ಧಾರೆಯ ಪಕ್ಕದಲ್ಲೇ ನುಗ್ಗಿ, ಹಿಂದಿನ ಬಂಡೆ ಸೇರಿಕೊಳ್ಳುತ್ತವೆ. ಹೊಟ್ಟೆ ಬಿಳಿ. ಅದೇ ಆಲ್ಪೈನ್ ಸ್ವಿಫ್ಟ್. ಸ್ವಿಫ್ಟ್‌ಗೆ ಕನ್ನಡದಲ್ಲಿ ಬಾನಾಡಿ ಅಂತಾರೆ. ಹುಳ ಹಿಡಿಯುವುದು ಹಾರುತ್ತಲೇ, ಗೂಡಿಗೆ ಗರಿ ಹೆಕ್ಕುವುದೂ ಹಾರುತ್ತಲೇ. ತಂತಿ ಮೇಲೆ ಕೂರುವ ಕಾಲಲ್ಲ ಅದು. ಬಂಡೆಗೆ ಉಗುರು ಸಿಕ್ಕಿಸಿ ಜೋತು ಬೀಳಬೇಕು, ಅಷ್ಟೇ.

ಇವತ್ತಿನ ಮಾತು ಇದರ ದಾಯಾದಿಯದ್ದು. ಹೆಸರು ಡಾರ್ಕ್ ರಂಪ್ಡ್ ಸ್ವಿಫ್ಟ್. 1864ರಲ್ಲಿ ಜೆರ್ಡನ್ ಅನ್ನೋ ಬ್ರಿಟಿಷ್ ಪಕ್ಷಿತಜ್ಞ ಇದಕ್ಕೆ ಚೂಪು ಬಾಲ ಅನ್ನೋ ಅರ್ಥದ ವೈಜ್ಞಾನಿಕ ಹೆಸರಿಟ್ಟ. ಮೇಘಾಲಯದ ಖಾಸಿ ಬೆಟ್ಟ, ಭೂತಾನ್, ಹೀಗೆ ಕೆಲವೇ ಕಡೆ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ.

ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ತೂಗುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್. ಅದರ ಕೆಂಪು ಪಟ್ಟಿ ಇದನ್ನು 'ವಲ್ನರಬಲ್' ಅಂತ ಗುರುತಿಸಿದೆ. ಅಂದರೆ ಅಳಿವಿನ ಭಯ ಇರುವ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದು. ನನಗೆ ಮೊದಲು ಆಶ್ಚರ್ಯವೇ ಆಯಿತು. ಆ ಬಂಡೆಗೆ ಯಾರು ಹತ್ತುತ್ತಾರೆ? ಬಲೆ ಹಾಕುವವನೂ ಅಲ್ಲಿಗೆ ಹೋಗಲಾರ, ಅಲ್ವಾ?

ಆದರೆ ಪಟ್ಟಿ ಕೇಳುವುದು ಕೊಲ್ಲುವವರು ಯಾರು ಅಂತ ಮಾತ್ರ ಅಲ್ಲ. ಎಷ್ಟಿವೆ, ಎಷ್ಟು ಜಾಗದಲ್ಲಿವೆ ಅಂತಲೂ ಕೇಳುತ್ತದೆ. ಜೋಗದ ಹಕ್ಕಿಯ ಕುಲ ಯೂರೋಪಿನಿಂದ ಹಿಮಾಲಯದವರೆಗೆ, ಆಫ್ರಿಕಾದಲ್ಲೂ ಹರಡಿದೆ. ಒಂದು ಕಡೆ ಬಂಡೆ ಕುಸಿದರೂ ಕುಲಕ್ಕೆ ಕುತ್ತಿಲ್ಲ. ಹಾಗಾಗಿ ಅದು ನಿಶ್ಚಿಂತೆಯ ಗುಂಪಿನಲ್ಲಿದೆ. ಖಾಸಿ ಬೆಟ್ಟದ್ದಕ್ಕೆ ಆ ಭಾಗ್ಯ ಇಲ್ಲ. ಇರುವುದೇ ಕೆಲವು ನೆಲೆ, ಹಕ್ಕಿಗಳೂ ಜಾಸ್ತಿ ಇಲ್ಲ. ಭೂಕುಸಿತವೋ ಇನ್ನೊಂದೋ ಒಂದು ನೆಲೆಯನ್ನು ನುಂಗಿದರೆ ದೊಡ್ಡ ಪಾಲೇ ಹೋದ ಹಾಗೆ. ಆ ಬೆಟ್ಟಗಳಲ್ಲಿ ಸುಣ್ಣಕಲ್ಲಿನ ಗಣಿಗಳೂ ಇವೆ. ಹಕ್ಕಿಗೆ ಇದರಿಂದ ಹಾನಿ ಆಗಿದೆ ಅಂತ ನಾನು ಹೇಳುತ್ತಿಲ್ಲ, ಕಣ್ಣಿಟ್ಟಿರಬೇಕು ಅಂತಷ್ಟೇ.

ಎಣಿಸುವುದೂ ಕಷ್ಟವೇ. ಹತ್ತಿರದ ನೆಂಟ ಪೆಸಿಫಿಕ್ ಸ್ವಿಫ್ಟ್ ನೋಡಲು ಹೆಚ್ಚುಕಮ್ಮಿ ಹೀಗೇ. ಅದರ ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇದೆ, ಇದಕ್ಕಿಲ್ಲ. ಕೆಳಗೆ ನಿಂತು ಕತ್ತೆತ್ತಿ ನೋಡುವವನಿಗೆ ಬೆನ್ನು ಕಾಣಬೇಕಲ್ಲ!

ಖಾಸಿ ಬೆಟ್ಟದ ಚೆರಾಪುಂಜಿಗೆ ಹೋದರೆ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿ ನಾವು ನಿಲ್ಲುವುದು ಬೆಟ್ಟದ ಅಂಚಿನಲ್ಲಿ, ಕೆಳಗೆ ಆಳದ ಕಣಿವೆ. ಮಂಜು ಸರಿದಾಗ ಬೇಲಿ ಹಿಡಿದು ಬಗ್ಗಿ ನೋಡಿ. ಬಾನಾಡಿ ಕಾಲ ಕೆಳಗೆ ಹಾರುತ್ತಿರುತ್ತದೆ. ಬೆನ್ನು ಪೂರ್ತಿ ಕಪ್ಪು.