ಹಳೆಯ ಕೀಸುಳಿಯನ್ನು ಫಳಫಳ ಹೊಳೆಸಬೇಡಿ

[ಮಳೆಯ ಸದ್ದು. ಜಗಲಿಯಲ್ಲಿ ಹಾಸಿದ ಹಳೆಯ ಪಂಚೆಯ ಮೇಲೆ ಕಬ್ಬಿಣದ ಕೀಸುಳಿ.]

ನಮಸ್ಕಾರ. ಇದು ಮಲ್ಪೆಯ ಗುಜರಿ ಅಂಗಡಿಯೊಂದರಲ್ಲಿ ತಕ್ಕಡಿಗೆ ಹಾಕಿ ಕೊಟ್ಟ ಮಾಲು. ಸ್ಟ್ಯಾನ್ಲಿ ಕಂಪನಿಯ ನಾಲ್ಕನೇ ನಂಬರಿನ ಕೀಸುಳಿ, ಅಂದರೆ ಮರ ಹೆರೆದು ನಯ ಮಾಡುವ ಸಾಧನ, ಹರಿದ ಬಲೆಗಳ ರಾಶಿಯ ಕೆಳಗೆ ಬಿದ್ದಿತ್ತು.

[ಹತ್ತಿರದಿಂದ: ಹಿಂದಿನ ಹಿಡಿ.]

ಹಿಡಿಯನ್ನು ನೋಡಿ. ಬೀಟೆಯಂತೆಯೇ ಇದೆ, ಆದರೆ ನಮ್ಮ ಘಟ್ಟದ್ದಲ್ಲ. ಅದೇ ಡಾಲ್ಬರ್ಜಿಯಾ ಕುಲದ ಬ್ರೆಜಿಲಿನ ದಾಯಾದಿ. ಹೆಬ್ಬೆರಳು ಕೂರುವಲ್ಲಿ ಮೆರುಗು ಪೂರ್ತಿ ಸವೆದು ಮರ ಕಪ್ಪಗೆ, ನುಣ್ಣಗೆ ಆಗಿದೆ. ನನ್ನ ಹೆಬ್ಬೆರಳು ಆ ಗುಳಿಯನ್ನು ತುಂಬುವುದಿಲ್ಲ. ಇದನ್ನು ಬಳಸಿದ ಆಚಾರಿಯ ಕೈ ದೊಡ್ಡದಿತ್ತು.

ಇದಕ್ಕೆ ಮರಳುಕಾಗದ ಹಾಕಿದರೆ ಐದೇ ನಿಮಿಷದಲ್ಲಿ ಎಲ್ಲವೂ ಹೊಸದಾಗುತ್ತದೆ. ಅದೇ ನನಗೆ ಬೇಡದ್ದು.

ಗೊತ್ತಿದ್ದು ಹೇಳುತ್ತಿದ್ದೇನೆ. ಹಿಂದೊಮ್ಮೆ ನಮ್ಮ ಮನೆಯ ಉಳಿಯೊಂದನ್ನು ರಾತ್ರಿಯಿಡೀ ವಿನೆಗರಿನಲ್ಲಿ ಮುಳುಗಿಸಿಟ್ಟಿದ್ದೆ. ಬೆಳಗ್ಗೆ ತುಕ್ಕು ಹೋಗಿತ್ತು, ಅದರ ಹಳೆಯ ಕಂದುಗಪ್ಪು ಬಣ್ಣವೂ ಹೋಗಿತ್ತು. ಉಳಿದದ್ದು ಬೂದಿ ಬಳಿದಂತಹ ಕಬ್ಬಿಣ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಅದರ ಮೇಲೆ ಹೊಸ ತುಕ್ಕು!

[ಚಿತ್ರ: ಕೆಂಪು ತುಕ್ಕು, ಕಪ್ಪು ಪದರ, ಅಕ್ಕಪಕ್ಕ.]

ಕೆಂಪು ತುಕ್ಕು ಸಡಿಲ. ಅದು ತೇವವನ್ನು ಹಿಡಿದಿಟ್ಟುಕೊಂಡು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಕಡಲ ಗಾಳಿಯ ಉಪ್ಪು ಸೇರಿದರಂತೂ ಕೇಳುವುದೇ ಬೇಡ, ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ಕಪ್ಪು ಪದರದ್ದು ಬೇರೆ ಜಾತಿ: ಹೆಚ್ಚಾಗಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಕಪ್ಪು ಆಕ್ಸೈಡ್, ಗಟ್ಟಿಯಾಗಿ ಅಂಟಿಕೊಂಡು ತುಕ್ಕಿನ ಓಟವನ್ನು ನಿಧಾನಿಸುತ್ತದೆ. ಆಮ್ಲಕ್ಕೆ ಈ ಭೇದ ತಿಳಿಯದು, ಎರಡನ್ನೂ ಕರಗಿಸುತ್ತದೆ. ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕೆಂಪು ಹತ್ತಿದ ಜಾಗಕ್ಕಷ್ಟೇ ಕೆಲಸ.

[ಕೈಗಳು ಕೆಲಸ ಮಾಡುತ್ತಿವೆ.]

ಮೊದಲು ಒಣ ಬ್ರಷ್. ಜಿಡ್ಡಿಗೆ ಚಿಮಿಣಿ ಎಣ್ಣೆ, ಅದೂ ಬಟ್ಟೆಗೆ ಹಚ್ಚಿಕೊಂಡು, ಬೆಂಕಿಯಿಂದ ದೂರ. ಒಳಗಿನ ಈ ಕಪ್ಪು ಲೇಪವನ್ನು ಜಪಾನಿಂಗ್ ಎನ್ನುತ್ತಾರೆ. ಡಾಂಬರಿನ ಜಾತಿಯ ಅಸ್ಫಾಲ್ಟನ್ನು ಬಳಿದು ಒಲೆಯಲ್ಲಿ ಕಾಯಿಸಿದ್ದು. ಅರ್ಧ ಉದುರಿದೆ, ಇರಲಿ. ತಂತಿ ಬ್ರಷ್ ತಾಗಿಸಬೇಡಿ. ವಾಷಿಂಗ್ ಸೋಡಾ ನೀರಿಗೆ ವಿದ್ಯುತ್ ಹರಿಸಿ ತುಕ್ಕು ತೆಗೆಯುವ ವಿಧಾನದಲ್ಲಿ ಈ ಲೇಪವೂ ಎದ್ದು ಬರಬಹುದು. ಚಿಮಿಣಿ ಎಣ್ಣೆಯಲ್ಲಿ ಒರೆಸುವಾಗ ಕೊಳೆ ಹೋದ ಮೇಲೂ ಬಟ್ಟೆ ಕಂದಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಕರಗುತ್ತಿರುವುದು ಲೇಪವೇ.

ಕೆಂಪು ಕಂಡಲ್ಲಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿ, ಒಂದು ಗಂಟೆ ಬಿಡಿ. ಆಮೇಲೆ ಬೇರೊಂದು ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು ಮೆಲ್ಲಗೆ ಸರಿಸಿ. ಓರೆಯಾದರೆ ಗೀರು ಬೀಳುತ್ತದೆ. ಉಳಿದದ್ದಕ್ಕೆ ನಾಲ್ಕು ಸೊನ್ನೆಯ (0000) ಸ್ಟೀಲ್ ವೂಲ್, ಅಂದರೆ ತೀರ ನವಿರಾದ ಉಕ್ಕಿನ ನಾರು. ಕಪ್ಪು ಕಾಣಿಸಿತೇ? ಕೈ ತೆಗೆಯಿರಿ. ಇದೇ ಕಷ್ಟದ ಭಾಗ, ಉಜ್ಜುವ ಕೈಗೆ ಹುಮ್ಮಸ್ಸು ಜಾಸ್ತಿ.

ಹಿಡಿಗೆ ಸ್ಪಿರಿಟ್ ಬೇಡ. ಮೆರುಗು ಅರಗಿನದಾಗಿದ್ದರೆ ಕರಗಿ ಹೋಗುತ್ತದೆ. ತೆಂಗಿನೆಣ್ಣೆ ಹಚ್ಚಿ ಎಂದು ನಮ್ಮೂರಿನಲ್ಲಿ ಹತ್ತು ಜನ ಹೇಳುತ್ತಾರೆ. ಕ್ಷಮಿಸಿ, ಅದು ಒಣಗುವ ಎಣ್ಣೆಯಲ್ಲ; ಮರದ ಪುಡಿಯನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣವನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಒರೆಸಿ. ಕಬ್ಬಿಣಕ್ಕೂ ಅದೇ ಸಾಕು.

ಕೀಸುಳಿಯ ಅಲಗನ್ನು ಮಾತ್ರ ಧಾರಾಳವಾಗಿ ಹರಿತ ಮಾಡಿ. ಅದು ಸವೆಯುವುದಕ್ಕೆಂದೇ ಇರುವುದು.

ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ. ಹದ ಮಾಡಿದ ಚರ್ಮದಲ್ಲಿ ಆಮ್ಲ ಉಳಿದಿರುತ್ತದೆ, ತೇವವೂ ನಿಲ್ಲುತ್ತದೆ. ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ಹಾಕಿ, ನೆಲದಿಂದ ಮೇಲಿಡಿ.

[ಹತ್ತಿರದಿಂದ: ಕೀಸುಳಿಯ ಪಕ್ಕೆ.]

ಇನ್ನೊಂದು ಉಳಿದಿದೆ. ಇಲ್ಲಿ, ಬೆರಳ ತುದಿಯಷ್ಟು ಅಗಲದ ದುಂಡನೆಯ ಗುರುತು. ಕಬ್ಬಿಣ ಸ್ವಲ್ಪ ಗುಳಿಬಿದ್ದಿದೆ. ಆಯುಧಪೂಜೆಯ ದಿನ ಇಟ್ಟು ಒರೆಸದೆ ಬಿಟ್ಟ ಗಂಧದ ಬೊಟ್ಟು ಇರಬಹುದೆಂದು ನನ್ನ ಊಹೆ. ಹಸಿ ಗಂಧದ ಅಡಿಯಲ್ಲಿ ತುಕ್ಕು ಹೀಗೆಯೇ ಹಿಡಿಯುತ್ತದೆ. ನೀವು ಸಂಜೆಗೇ ಒರೆಸಿಬಿಡಿ. ಇದರ ಕೆಂಪನ್ನಷ್ಟೇ ತೆಗೆದಿದ್ದೇನೆ, ಗುರುತು ಇಲ್ಲೇ ಇರುತ್ತದೆ.

[ಹಲಸಿನ ಹಲಗೆಯ ಮೇಲೆ ಕೀಸುಳಿ. ಹಳದಿ ಸುರುಳಿ ಎದ್ದು ಬರುತ್ತದೆ. ಮಳೆಯ ಸದ್ದು.]